ಗಾಜಿನ ತಟ್ಟೆಯ ಫಲಿತಾಂಶ ದೇಹಕ್ಕೂ ಅನ್ವಯಿಸುವುದೇ?

ಯಾವುದೋ ಎಲೆ ಅಥವಾ ಹಣ್ಣಿನ ರಸ ಕೀಮೋಥೆರಪಿಗಿಂತ ಸಾವಿರಾರು ಪಟ್ಟು ಚೆನ್ನಾಗಿ ಕ್ಯಾನ್ಸರ್ ಗುಣಪಡಿಸುತ್ತದೆ ಎಂಬ ಸಂದೇಶ ವರ್ಷಗಳಿಂದ ಮೊಬೈಲಿನಿಂದ ಮೊಬೈಲಿಗೆ ಹರಿಯುತ್ತಿದೆ. ಕಳುಹಿಸುವವರ ಕಾಳಜಿ ನಿಜವಾದದ್ದೇ. ಸಂದೇಶ ಮಾತ್ರ ನಿಜವಲ್ಲ.

ಇದರ ಹಿಂದೆ ಹಲವು ಬಾರಿ ಒಂದು ಪ್ರಯೋಗ ಇರುತ್ತದೆ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಸಸ್ಯದ ಸಾಂದ್ರ ಸಾರವನ್ನು ನೇರವಾಗಿ ಹಾಕಿರುತ್ತಾರೆ. ತಿಂದ ಆಹಾರ ಹಾಗೆ ಕ್ಯಾನ್ಸರ್ ಗಡ್ಡೆಯನ್ನು ತಲುಪುವುದಿಲ್ಲ. ಕರುಳು ಅದರ ಒಂದು ಪಾಲನ್ನಷ್ಟೇ ಹೀರಿಕೊಳ್ಳುತ್ತದೆ, ಯಕೃತ್ತು ಅದರ ರೂಪವನ್ನೇ ಬದಲಿಸುತ್ತದೆ.

ನನ್ನನ್ನು ಹೆಚ್ಚು ಎಚ್ಚರಿಸಿದ್ದು ಬೀಟಾ ಕ್ಯಾರೋಟಿನ್‌ನ ಕಥೆ. ತರಕಾರಿಗಳಲ್ಲಿರುವ ಈ ಅಂಶ ಶ್ವಾಸಕೋಶದ ಕ್ಯಾನ್ಸರನ್ನು ತಡೆಯಬಹುದೆಂಬ ನಿರೀಕ್ಷೆಯಿತ್ತು. ಫಿನ್ಲೆಂಡಿನಲ್ಲಿ 29,000ಕ್ಕೂ ಹೆಚ್ಚು ಧೂಮಪಾನಿ ಪುರುಷರ ಮೇಲೆ ನಡೆದ ಅಧ್ಯಯನದ ಫಲಿತಾಂಶ 1994ರಲ್ಲಿ ಪ್ರಕಟವಾದಾಗ, ಅದರ ಮಾತ್ರೆ ನುಂಗಿದವರಲ್ಲಿ ಆ ಕ್ಯಾನ್ಸರ್ ಸುಮಾರು ಶೇ 18ರಷ್ಟು ಹೆಚ್ಚಾಗಿತ್ತು!

ಹಾಗೆಂದು ಸಸ್ಯಗಳು ನಿರುಪಯುಕ್ತವಲ್ಲ. ನಾರಿನಂಶ, ಇಡಿಧಾನ್ಯಗಳಿರುವ ಆಹಾರಕ್ಕೂ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ ಕಡಿಮೆಯಾಗುವುದಕ್ಕೂ ನಂಟಿದೆ. ಮಕ್ಕಳ ರಕ್ತ ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟಿನ್ ನಿತ್ಯಪುಷ್ಪ ಗಿಡದಿಂದ ಬಂದದ್ದು. ಆದರೆ ಅದು ಶುದ್ಧೀಕರಿಸಿ, ಪ್ರಮಾಣ ನಿಗದಿಪಡಿಸಿ ರಕ್ತನಾಳಕ್ಕೆ ಕೊಡುವ ಔಷಧ. ಆ ಗಿಡದ ಎಲೆ ತಿನ್ನುವುದು ವಿಷಕಾರಿ.

ಸಂದೇಶ ಬಂದಾಗ ಮೊದಲು ನೋಡಬೇಕಾದದ್ದು: ಪರೀಕ್ಷೆ ನಡೆದದ್ದು ಕೋಶಗಳ ಮೇಲೋ, ಇಲಿಗಳ ಮೇಲೋ, ಮನುಷ್ಯರ ಮೇಲೋ? ಮೂಲ ಅಧ್ಯಯನದ ಹೆಸರು, ವರ್ಷ ಇವೆಯೇ? ತಡೆಗಟ್ಟುವುದನ್ನು ಹೇಳುತ್ತಿದೆಯೋ, ಗುಣಪಡಿಸುವುದನ್ನೋ? ಚಿಕಿತ್ಸೆಯಲ್ಲಿರುವವರು ಯಾವುದೇ ಸಸ್ಯಸಾರ ಸೇವಿಸುವ ಮುನ್ನ ವೈದ್ಯರಿಗೆ ತಿಳಿಸಲೇಬೇಕು. ಕೆಲವು ಸಾರಗಳು ಔಷಧದ ಪರಿಣಾಮವನ್ನೇ ಕುಗ್ಗಿಸುತ್ತವೆ.