ಮೇಷ್ಟ್ರ 18 ಜನ

ನಿಮ್ಮ ಅರ್ಜಿ ಅಪೂರ್ಣವಾಗಿದೆ ಎಂಬ ಮಿಂಚಂಚೆಯನ್ನು ಇವತ್ತು ಬೆಳಿಗ್ಗೆ ಕಣ್ಣುಜ್ಜುತ್ತಲೇ ಓದಿದೆ. ಅಮೆರಿಕದ ವಿಶ್ವವಿದ್ಯಾಲಯವೊಂದರ ಕಂಪ್ಯೂಟರ್ ಸೈನ್ಸ್ ವಿಭಾಗದಲ್ಲಿ ಎಂ.ಎಸ್. ಸೀಟು ಕೋರಿ ಎರಡು ತಿಂಗಳಿಂದ ತುಂಬಿದ ಕಾಲಂಗಳು, ಏರಿಸಿದ ಪಿಡಿಎಫ್‌ಗಳು, ಕಟ್ಟಿದ ಶುಲ್ಕ ಎಲ್ಲವೂ ಸರಿಯಾಗಿದ್ದವು. ಮೂರು ಶಿಫಾರಸು ಪತ್ರಗಳಲ್ಲಿ ಒಂದು ಮಾತ್ರ ಬಂದಿರಲಿಲ್ಲ. ಗಡುವು ಡಿಸೆಂಬರ್ 15ರ ರಾತ್ರಿ 11:59. ಅಮೆರಿಕದ ಪೂರ್ವ ತೀರದ ಆ ರಾತ್ರಿ ನಮಗೆ 16ರ ಬೆಳಿಗ್ಗೆ 10:29 ಆಗಿರುವುದರಿಂದ, ಮುಗಿದುಹೋದ ದಿನದಲ್ಲಿ ಇನ್ನೂ ಮೂರು ಗಂಟೆ ಉಳಿದಿರುವ ವಿಚಿತ್ರ ಭಾಗ್ಯ ನನ್ನದಾಗಿತ್ತು.

ಅರ್ಜಿಯ ಪೋರ್ಟಲ್‌ಗಳ ವಿಷಯ ಗೊತ್ತಿರುವವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಮೊದಲು ರೆಸ್ಯೂಮೆಯನ್ನು ಏರಿಸಿಕೊಳ್ಳುತ್ತವೆ, ಅನಂತರ ಅದರಲ್ಲಿರುವುದನ್ನೇ ಒಂದೊಂದು ಸಾಲಾಗಿ ಮತ್ತೆ ಟೈಪ್ ಮಾಡಿಸುತ್ತವೆ. ಅಲ್ಲಿನ ಸ್ನಾತಕೋತ್ತರ ಪ್ರವೇಶಕ್ಕೆಂದು ಮೂರು ತಿಂಗಳು ಪದಗಳನ್ನು ಉರು ಹೊಡೆದು ಬರೆದ ಜಿಆರ್‌ಇ ಪರೀಕ್ಷೆಯನ್ನು ಈಗ ಅನೇಕ ವಿಭಾಗಗಳು ಕೇಳುವುದೇ ಇಲ್ಲ. 2023ರ ಸೆಪ್ಟೆಂಬರ್‌ನಿಂದ ಅದು ಎರಡು ಗಂಟೆಗೂ ಕಡಿಮೆ ಅವಧಿಗೆ ಇಳಿದಿದೆಯಾದ್ದರಿಂದ, ವ್ಯರ್ಥವಾದದ್ದಾದರೂ ಬೇಗ ವ್ಯರ್ಥವಾಯಿತು ಎಂಬಷ್ಟು ಸಮಾಧಾನ. ಇವೆಲ್ಲದರ ಕೊನೆಗೆ ‘ನಿಮಗೆ ಅಸಿಸ್ಟೆಂಟ್‌ಶಿಪ್ ಬೇಕೇ?’ ಎಂಬ ಪ್ರಶ್ನೆ, ಅದರ ಕೆಳಗೆ ‘ಹೌದು’, ‘ಇಲ್ಲ’ ಎಂಬ ಎರಡು ಗುಂಡಿಗಳು. ‘ಇಲ್ಲ’ ಎಂಬುದನ್ನು ಒತ್ತುವ ಮಹಾನುಭಾವರು ಯಾರೋ, ಅವರನ್ನು ಒಮ್ಮೆ ನೋಡುವ ಆಸೆ ನನಗಿದೆ.

ಯಾಕೆಂದರೆ ಇಡೀ ಲೆಕ್ಕಾಚಾರ ನಿಂತಿರುವುದೇ ಅಸಿಸ್ಟೆಂಟ್‌ಶಿಪ್ಪಿನ ಮೇಲೆ. ಸೆಮಿಸ್ಟರ್ ನಡೆಯುವಾಗ ವಾರಕ್ಕೆ 20 ಗಂಟೆ ಪಾಠದಲ್ಲೋ ಸಂಶೋಧನೆಯಲ್ಲೋ ಕೈಜೋಡಿಸಿದರೆ ಶುಲ್ಕ ಮಾಫಿಯಾಗಿ, ಮೇಲೆ ಸ್ಟೈಪೆಂಡೂ ಬರುವುದುಂಟು. ವಿದ್ಯಾರ್ಥಿ ವೀಸಾದಲ್ಲಿರುವವರಿಗೆ ಆಗ ಅದಕ್ಕಿಂತ ಹೆಚ್ಚು ದುಡಿಯಲು ಅನುಮತಿಯೂ ಇಲ್ಲ. ಪಿಎಚ್.ಡಿ.ಗೆ ಹೋಗುವವರಿಗೆ ಈ ನೆರವು ಸಾಮಾನ್ಯವಾಗಿ ಪ್ರವೇಶದ ಜೊತೆಗೇ ಬರುತ್ತದೆ, ಎಂ.ಎಸ್.ನವರಾದ ನಮಗೆ ಅವರೆಲ್ಲ ಬಡಿಸಿಕೊಂಡು ಎದ್ದ ಮೇಲೆ ಉಳಿದದ್ದು. ಸ್ನಾತಕೋತ್ತರ ಶಿಕ್ಷಣ ಕೊಡುವ ವಿಶ್ವವಿದ್ಯಾಲಯಗಳ ಒಕ್ಕೂಟವಾದ ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್‌ನ ನಿರ್ಣಯಕ್ಕೆ ಸಹಿ ಹಾಕಿರುವ ವಿಶ್ವವಿದ್ಯಾಲಯಗಳಲ್ಲಿ, ನೆರವು ಸಿಕ್ಕವರು ಒಪ್ಪಿಗೆ ಹೇಳಲು ಏಪ್ರಿಲ್ 15ರವರೆಗೆ ಕಾಲಾವಕಾಶವಿದೆ. ಅವರು ನಿಧಾನವಾಗಿ ಯೋಚಿಸುತ್ತಾರೆ, ಹಿಂದಿನ ಸಾಲಿನಲ್ಲಿ ನಿಂತವರು ಉಗುರು ಕಚ್ಚುತ್ತಾರೆ. ನಾನು ಕಾಯುತ್ತ ಕೂರದೆ ಪ್ರಾಧ್ಯಾಪಕರಿಗೆ ನೇರವಾಗಿ ಪತ್ರ ಬರೆಯುವ ಸಾಹಸವನ್ನೂ ಮಾಡಿದೆ. ಕಂಪೈಲರ್ ತಜ್ಞರೊಬ್ಬರಿಗೆ ‘ರೋಬೊಟಿಕ್ಸ್‌ನಲ್ಲಿ ತಮ್ಮ ಕೆಲಸ ನನ್ನ ನಿದ್ದೆಗೆಡಿಸಿದೆ’ ಎಂದು ಬರೆದದ್ದು, ಕಳುಹಿಸುವ ಗುಂಡಿ ಒತ್ತಿದ ಮರುಕ್ಷಣವೇ ತಿಳಿಯಿತು. ಅವರು ಬಲು ಸೌಜನ್ಯದಿಂದ, ವಿಭಾಗದ ಮೂಲಕವೇ ಅರ್ಜಿ ಹಾಕಬೇಕೆಂದು ಉತ್ತರಿಸಿದರು.

ಆದ್ದರಿಂದ ಉಳಿದದ್ದು ಶಿಫಾರಸು ಪತ್ರಗಳು. ಇಬ್ಬರು ಮೇಷ್ಟ್ರು ಒಂದೇ ದಿನದಲ್ಲಿ ಕಳುಹಿಸಿದ್ದರು. ಮೂರನೆಯವರಿಗೆ ಕಾಲೇಜಿನ ಮಿಂಚಂಚೆಯ ಪಾಸ್‌ವರ್ಡ್ ನೆನಪಿಲ್ಲ. ಅದನ್ನು ಬರೆದಿಟ್ಟ ಚೀಟಿ ಮೇಜಿನ ಡ್ರಾಯರಿನ ಒಳಬದಿಗೆ ಅಂಟಿದೆ, ಆ ಡ್ರಾಯರಿನ ಬೀಗದ ಕೈ ಮನೆಯಲ್ಲಿದೆ. ಸ್ವಂತ ಮಿಂಚಂಚೆಯ ವಿಳಾಸ ಕೊಡೋಣವೆಂದರೆ ಪೋರ್ಟಲಿಗೆ ಅದರ ಮೇಲೆ ನಂಬಿಕೆಯಿಲ್ಲ. ಒಂದು ತಿಂಗಳಲ್ಲಿ ಐದು ಬಾರಿ ಜ್ಞಾಪಿಸಿದ್ದೆ, ಐದು ಬಾರಿಯೂ ಅವರು “ನೋಡಪ್ಪಾ, ನೀನೇ ಒಂದು ಬರ್ಕೊಂಡು ಬಾ, ನಾನು ನೋಡಿ ಹಾಕ್ತೀನಿ” ಎಂದಿದ್ದರು.

ನಾನೂ ಬರೆದುಕೊಂಡು ಹೋಗಿದ್ದೆ. ‘ಈತ ಅಪರೂಪದ ಪ್ರತಿಭೆ’ ಎಂದು ತನ್ನ ಬಗ್ಗೆ ತಾನೇ, ಇನ್ನೊಬ್ಬರ ದನಿಯಲ್ಲಿ, ರಾತ್ರಿ ಎರಡು ಗಂಟೆಗೆ ಬರೆಯುವವನ ಮುಖವನ್ನು ಕನ್ನಡಿಯಲ್ಲಿ ನೋಡಬಾರದು. ಅದಕ್ಕಿಂತ ದೊಡ್ಡ ಮುಜುಗರ ಪೋರ್ಟಲಿನಲ್ಲಿತ್ತು. ಅಮೆರಿಕದಲ್ಲಿ 1974ರಿಂದ ಇರುವ ಫರ್ಪಾ ಎಂಬ ಕಾನೂನಿನ ಪ್ರಕಾರ ವಿದ್ಯಾರ್ಥಿಗೆ ತನ್ನ ದಾಖಲೆಗಳನ್ನು ನೋಡುವ ಹಕ್ಕಿದೆ. ಆದರೆ ಶಿಫಾರಸು ಪತ್ರ ನಂಬಲರ್ಹವೆನಿಸಬೇಕಾದರೆ ಆ ಹಕ್ಕನ್ನು ಮೊದಲೇ ಬಿಟ್ಟುಕೊಡುವುದು ವಾಡಿಕೆ. ಹೀಗೆ ನಾನೇ ಬರೆದ ಪತ್ರವನ್ನು ನಾನೆಂದೂ ಓದುವುದಿಲ್ಲವೆಂದು ಗಂಭೀರವಾಗಿ ಟಿಕ್ ಹಾಕಿದ್ದೆ.

ಒಂಬತ್ತಕ್ಕೆ ಮೇಷ್ಟ್ರ ಕೊಠಡಿಗೆ ಓಡಿದೆ. ಬೀಗದ ಕೈ ಬಂದಿತ್ತು, ಚೀಟಿ ಸಿಕ್ಕಿತು, ಪೋರ್ಟಲ್ ತೆರೆಯಿತು. ಅವರು ಕನ್ನಡಕ ಏರಿಸಿ ಮೊದಲ ಪುಟವನ್ನು ಸಾವಕಾಶವಾಗಿ ಓದಿ, “ನೋಡೋ ಹಕ್ಕು ಬಿಟ್ಟುಕೊಟ್ಟಿದ್ದೀಯ ಅಂತ ಇಲ್ಲಿ ಬರೆದಿದೆಯಲ್ಲಪ್ಪಾ” ಎಂದವರೇ ಮಾನಿಟರನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡರು. ನಾನು ಬರೆದು ತಂದ ಪತ್ರವನ್ನು ಓದಿ, “ಯಾರೋ ಇವನು? ನನ್ನ ಕ್ಲಾಸಲ್ಲಿ ಇದ್ದನೇ?” ಎಂದು ಕೇಳಿ, ಮಡಚಿ ಡ್ರಾಯರಿಗೆ ಹಾಕಿದರು. ಆಮೇಲೆ ಒಂದೇ ಬೆರಳಿನಲ್ಲಿ ತಾವೇ ಟೈಪ್ ಮಾಡತೊಡಗಿದರು. ಒಂದು ಅಕ್ಷರಕ್ಕೂ ಇನ್ನೊಂದಕ್ಕೂ ನಡುವೆ ನನ್ನ ಉಸಿರು ಎರಡು ಬಾರಿ ಬಂದುಹೋಗುತ್ತಿತ್ತು.

9:35ಕ್ಕೆ ಬೆರಳು ನಿಂತಿತು. ಕೆಳಗೆ ಒಂದು ಕೋಷ್ಟಕವಿತ್ತು. ಬುದ್ಧಿಮತ್ತೆ, ಸ್ವಂತಿಕೆ, ಬರವಣಿಗೆ, ಮಾತುಗಾರಿಕೆ, ಶ್ರದ್ಧೆ, ಪ್ರಬುದ್ಧತೆ ಎಂಬ ಆರು ಸಾಲುಗಳಲ್ಲಿ, ಇವನು ತಾವು ಕಂಡ ವಿದ್ಯಾರ್ಥಿಗಳ ಪೈಕಿ ಮೊದಲ ಶೇಕಡಾ 1ರಲ್ಲಿ ಬರುತ್ತಾನೆಯೇ, 5ರಲ್ಲಿಯೇ, 10ರಲ್ಲಿಯೇ ಎಂದು ಗುರುತು ಹಾಕಬೇಕು. ಲೋಕದ ಎಲ್ಲ ಮೇಷ್ಟ್ರುಗಳೂ ಈ ಪ್ರಶ್ನೆಯನ್ನು ಅಲಂಕಾರವೆಂದು ತಿಳಿದು ಮೊದಲ ಕಾಲಂಗೆ ಒತ್ತಿ ಮುಂದೆ ಹೋಗುತ್ತಾರೆಂದು ನನ್ನ ನಂಬಿಕೆಯಾಗಿತ್ತು. ನಮ್ಮವರು ಗಣಿತದವರು. “30 ವರ್ಷ, ವರ್ಷಕ್ಕೆ 60 ಜನ, 1800 ಆಯಿತು. ಶೇಕಡಾ 1 ಅಂದರೆ 18 ಜನ” ಎಂದು ಹಳೆಯ ಉತ್ತರ ಪತ್ರಿಕೆಯೊಂದರ ಹಿಂಬದಿಯಲ್ಲಿ ಬರೆದುಕೊಂಡು, ಆ 18 ಜನ ಯಾರೆಂದು ಪಟ್ಟಿ ಮಾಡಲು ಕುಳಿತರು.

ಮೊದಲನೆಯವಳು, ಇವರೇ ಬೋರ್ಡಿನ ಮೇಲೆ ಬಿಡಿಸಿದ ಲೆಕ್ಕದಲ್ಲಿ ತಪ್ಪು ಹುಡುಕಿ ಕೈ ಎತ್ತಲು ಹೆದರಿ, ಕ್ಲಾಸು ಮುಗಿದ ಮೇಲೆ ಚೀಟಿ ಕೊಟ್ಟು ಹೋದವಳು. ಮೂರನೆಯವನು ಸಾಧನೆಯಲ್ಲಿ ಬಹಳ ಮೇಲು, ಹಾಜರಾತಿಯಲ್ಲಿ ಬಹಳ ಕೆಳಗೆ. ಅವನನ್ನು ಸೇರಿಸಬೇಕೇ ಬೇಡವೇ ಎಂಬ ಜಿಜ್ಞಾಸೆಗೆ ನಾಲ್ಕು ನಿಮಿಷ ಹಿಡಿಯಿತು. ಏಳನೆಯ ಹೆಸರು ನಾಲಿಗೆಯ ತುದಿಯಲ್ಲಿದ್ದರೂ ಬಾರದೆ, ಅವನು ಕೂರುತ್ತಿದ್ದ ಬೆಂಚಿನ ಮೂಲಕ, ಅವನ ಗೆಳೆಯನ ಮೂಲಕ, ಕಡೆಗೆ ಅವನ ಇನಿಷಿಯಲ್ ಮೂಲಕ ಬಂತು. ನಾನು ಗಡಿಯಾರವನ್ನೂ ಆ ಹಾಳೆಯನ್ನೂ ತಲೆಕೆಳಗಾಗಿ ಓದುತ್ತ ಕುಳಿತಿದ್ದೆ. ಹನ್ನೊಂದು, ಹದಿಮೂರು, ಹದಿನಾಲ್ಕು ಎಂದು ಪಟ್ಟಿ ತುಂಬಿದಂತೆಲ್ಲ ನನ್ನ ಅಸಿಸ್ಟೆಂಟ್‌ಶಿಪ್ಪಿನಲ್ಲಿ ಒಂದೊಂದು ಕುರ್ಚಿ ಕಡಿಮೆಯಾಗುತ್ತಿತ್ತು. ಪುಣ್ಯಕ್ಕೆ ಹದಿನಾರಕ್ಕೆ ಪೆನ್ನು ನಿಂತಿತು.

“ಇವರಲ್ಲಿ ಬಹಳ ಜನಕ್ಕೆ ನಾನೇ ಪತ್ರ ಬರೆದಿದ್ದೆ. ಆಗ ಕಾಗದದ ಮೇಲೆ, ಲಕೋಟೆ ಅಂಟಿಸಿ ಅದರ ಮೇಲೆ ಸಹಿ ಹಾಕಿ ಕೊಡೋದು” ಎಂದರು. ಸ್ವಲ್ಪ ಹೊತ್ತು ಹೆಸರುಗಳನ್ನೇ ನೋಡುತ್ತಿದ್ದರು. “ಸೀಟು ಸಿಕ್ಕಿತೋ ಇಲ್ಲವೋ ಅಂತ ಹೇಳೋದಕ್ಕೆ ಇಬ್ಬರೋ ಮೂವರೋ ಬಂದರು.” ಐದು ಬಾರಿ ಜ್ಞಾಪಿಸಿದ ನನಗೆ, ಪತ್ರ ಹೋದ ಮೇಲೆ ಆರನೆಯ ಬಾರಿ ಇಲ್ಲಿಗೆ ಬರುವ ಯೋಚನೆಯೇ ಇರಲಿಲ್ಲವೆಂಬುದು ಆಗ ಹೊಳೆದು, ನಾನೂ ಆ ಹಾಳೆಯನ್ನೇ ನೋಡಿದೆ.

ಅವರು ಪರದೆಯ ಕಡೆ ತಿರುಗಿದರು. ಬಹಳ ಹೊತ್ತು ಏನೂ ಒತ್ತದೆ ಸುಮ್ಮನಿದ್ದುದರಿಂದ ಪೋರ್ಟಲ್ ಅವರನ್ನು ಹೊರಗೆ ಹಾಕಿ, ಟೈಪ್ ಮಾಡಿದ್ದೆಲ್ಲವನ್ನೂ ನುಂಗಿಕೊಂಡಿತ್ತು. ಗಂಟೆ 10:17. ಡ್ರಾಯರಿನಿಂದ ಮತ್ತೆ ಚೀಟಿ, ಮತ್ತೆ ಪಾಸ್‌ವರ್ಡ್, ಮತ್ತೆ ಅದೇ ಒಂದು ಬೆರಳು. ಈ ಬಾರಿ ಪತ್ರ ಎರಡು ಸಾಲು ದಾಟಿದಂತೆ ಕೇಳಿಸಲಿಲ್ಲ. 10:26ಕ್ಕೆ ಕೋಷ್ಟಕ ಬಂದಿರಬೇಕು. ಒಂದರ ಹಿಂದೊಂದು ಆರು ಕ್ಲಿಕ್ಕುಗಳು, ಒಂದೇ ಅಂತರದಲ್ಲಿ, ಮೌಸ್ ಮೇಲಿನಿಂದ ಕೆಳಕ್ಕೆ ನೇರವಾಗಿ ಇಳಿದ ಹಾಗೆ. ಯಾವ ಕಾಲಂನಲ್ಲಿ ಇಳಿಯಿತೆಂದು ಕೇಳುವ ಹಕ್ಕನ್ನು ನಾನು ಬಿಟ್ಟುಕೊಟ್ಟಾಗಿತ್ತು.

“ಹೋಯ್ತು” ಎಂದು ಮೇಷ್ಟ್ರು ಕನ್ನಡಕ ತೆಗೆದು ಬಟ್ಟೆಯಿಂದ ಒರೆಸಿಕೊಂಡರು. “ಇನ್ನು ಮುಗೀತಲ್ಲ?”

“ಇನ್ನೂ ಏಳು ಯೂನಿವರ್ಸಿಟಿ ಇವೆ ಸರ್.”

ಅವರು ಉತ್ತರ ಪತ್ರಿಕೆಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡು, “ಹಾಗಾದರೆ ಹದಿನೇಳನೆಯವನು ಯಾರಪ್ಪಾ ಅಂದೆ?” ಎಂದು ನನ್ನನ್ನೇ ಕೇಳಿದರು.