ಚೋಮ, ತಬರ, ವಿದ್ಯಾ, ಶಿವ

2024ರ ಆಗಸ್ಟ್ 16, ವರಮಹಾಲಕ್ಷ್ಮಿ ಹಬ್ಬದ ದಿನ. ಮಧ್ಯಾಹ್ನ ಎಲೆ ಎತ್ತಿ, ಪಾತ್ರೆ ತೊಳೆದು ಕೂತಾಗ ಫೋನ್‌ನಲ್ಲಿ 70ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯ ಪಟ್ಟಿ ಬಂದಿತ್ತು. 'ಕಾಂತಾರ'ಕ್ಕೆ ರಿಷಬ್ ಶೆಟ್ಟಿ ಅತ್ಯುತ್ತಮ ನಟ. ನಾನು ಜೋರಾಗಿ ಕೂಗಿದೆ, ಅಮ್ಮ ಗಾಬರಿಯಿಂದ ದೇವರ ಕೋಣೆಯಿಂದ ಎದ್ದು ಬಂದರು. ಅಷ್ಟು ಖುಷಿಯಾಗಿತ್ತು ನನಗೆ, ಈಗಲೂ ಇದೆ. 'ಕಾಂತಾರ'ಕ್ಕೆ ಅತ್ಯುತ್ತಮ ಮನರಂಜನಾ ಚಿತ್ರ ಅಂತ ಇನ್ನೊಂದು ಪ್ರಶಸ್ತಿ, 'ಕೆಜಿಎಫ್ 2' ಅತ್ಯುತ್ತಮ ಕನ್ನಡ ಚಿತ್ರ, ನಮ್ಮ ಬೆಂಗಳೂರಿನಲ್ಲೇ ಬೆಳೆದ ನಿತ್ಯಾ ಮೆನನ್ ತಮಿಳು ಸಿನಿಮಾಕ್ಕಾಗಿ ಅತ್ಯುತ್ತಮ ನಟಿ. ಹಬ್ಬದ ಮೇಲೆ ಹಬ್ಬ.

ಸಂಜೆಯಾಗುವಷ್ಟರಲ್ಲಿ ಜಗಳ ಶುರುವಾಯಿತು. ಕಲಾತ್ಮಕ ಚಿತ್ರಗಳಿಗೆ ಸಿಗಬೇಕಾದ ಪ್ರಶಸ್ತಿ ಕಮರ್ಷಿಯಲ್ ಸಿನಿಮಾಕ್ಕೆ ಹೋಯಿತು ಅಂತ ಒಂದು ಗುಂಪು, ಜನ ನೋಡದ ಸಿನಿಮಾಕ್ಕೆ ಯಾಕೆ ಕೊಡಬೇಕು ಅಂತ ಇನ್ನೊಂದು ಗುಂಪು. ನನಗೆ ಎರಡೂ ಮಾತು ಸರಿ ಕಾಣಲಿಲ್ಲ. ಯಾಕೆ ಅಂತ ಹೇಳಲು ಅವತ್ತು ನನ್ನ ಹತ್ತಿರ ಮಾತಿರಲಿಲ್ಲ. ಈಚೆಗೆ ಅಪ್ಪನ ಜೊತೆ ಕೂತು ಹಳೆಯ ಎರಡು ಸಿನಿಮಾ ನೋಡಿದ ಮೇಲೆ ಹೇಳಬೇಕು ಅನ್ನಿಸಿದೆ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

ಕನ್ನಡ ಸಿನಿಮಾಕ್ಕಾಗಿ ಅತ್ಯುತ್ತಮ ನಟ ರಾಷ್ಟ್ರೀಯ ಪ್ರಶಸ್ತಿ ಪಡೆದವರಲ್ಲಿ ರಿಷಬ್ ನಾಲ್ಕನೆಯವರು. 1975ರ 'ಚೋಮನ ದುಡಿ'ಗೆ ಎಂ.ವಿ. ವಾಸುದೇವರಾವ್, 1986ರ 'ತಬರನ ಕಥೆ'ಗೆ ಚಾರುಹಾಸನ್, ಆಮೇಲೆ ಬರೋಬ್ಬರಿ 28 ವರ್ಷ ಬಿಟ್ಟು 2014ರ ಸಾಲಿನಲ್ಲಿ 'ನಾನು ಅವನಲ್ಲ ಅವಳು' ಚಿತ್ರಕ್ಕೆ ಸಂಚಾರಿ ವಿಜಯ್. ಈ ನಾಲ್ಕು ಪಾತ್ರಗಳನ್ನು ಒಮ್ಮೆ ಅಕ್ಕಪಕ್ಕ ಇಟ್ಟು ನೋಡಿ. ಚೋಮ ಉಳೋಕೆ ಒಂದು ತುಂಡು ಗದ್ದೆ ಕೇಳುತ್ತಾನೆ. ತಬರ ತನ್ನ ಪಿಂಚಣಿ ಕೇಳುತ್ತಾನೆ. ಮಾದೇಶನಾಗಿ ಹುಟ್ಟಿದ ವಿದ್ಯಾ, ನನ್ನನ್ನು ಹೆಣ್ಣು ಅಂತ ಕರೆಯಿರಿ ಅಂತ ಕೇಳುತ್ತಾಳೆ. 'ಕಾಂತಾರ'ದ ಶಿವ ಮತ್ತು ಅವನ ಊರಿನವರು ತಾವು ಬದುಕುತ್ತಿರುವ ಕಾಡು, ಜಾಗ ತಮಗೇ ಇರಲಿ ಅಂತ ಕೇಳುತ್ತಾರೆ. ಯಾರೂ ಹೆಚ್ಚಿನದೇನನ್ನೂ ಕೇಳುತ್ತಿಲ್ಲ. ತಮ್ಮದನ್ನೇ ಕೈ ಚಾಚಿ ಕೇಳಬೇಕಾಗಿ ಬಂದವರು ಇವರು.

'ಹಸೀನಾ'ದಲ್ಲಿ ತಾರಾ ಮಾಡಿದ ಪಾತ್ರವೂ ಹೀಗೇ ಅಲ್ವಾ? ಗಂಡ ಬಿಟ್ಟ ಮೇಲೆ ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ನ್ಯಾಯ ಕೇಳುತ್ತಾ ಮಸೀದಿಯ ಮುಂದೆ ಕೂರುವವಳು. ಬಾನು ಮುಷ್ತಾಕ್ ಅವರ ಕಥೆ ಅದು. ಆ ಪಾತ್ರಕ್ಕೆ ತಾರಾ ಅವರಿಗೆ ಅತ್ಯುತ್ತಮ ನಟಿ ಪ್ರಶಸ್ತಿ ಬಂತು.

ಈಗ ಚೋಮನ ವಿಷಯ. ಶಿವರಾಮ ಕಾರಂತರ ಕಾದಂಬರಿ, ಬಿ.ವಿ. ಕಾರಂತರ ನಿರ್ದೇಶನ, ಕಪ್ಪು ಬಿಳುಪು. ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣ ಕಮಲ ಆ ವರ್ಷ ಅದಕ್ಕೇ ಬಂತು. ನಾನು ಕಾಲೇಜಿನಲ್ಲಿ ಕಾದಂಬರಿ ಓದಿದ್ದೆ, ಸಿನಿಮಾ ನೋಡಿರಲಿಲ್ಲ. ಚೋಮನ ಹತ್ತಿರ ಎರಡು ಎತ್ತುಗಳಿವೆ. ಉಳಲು ಬರುತ್ತದೆ, ಮೈಯಲ್ಲಿ ಕಸುವಿದೆ. ಆದರೆ ಅವನ ಜಾತಿಯವನು ಗದ್ದೆ ಮಾಡುವ ಹಾಗಿಲ್ಲ. ಧಣಿಯ ಅಂಗಳದ ಅಂಚಿನಲ್ಲಿ ನಿಂತು ವಾಸುದೇವರಾವ್ ಮಾತಾಡುವ ರೀತಿ ನೋಡಿ. ಬೆನ್ನು ಬಾಗಿದೆ, ದನಿ ಬಾಗಿದೆ, ಕಣ್ಣು ಮಾತ್ರ ಬಾಗಿಲ್ಲ. ಮಗ ನೀರಿನಲ್ಲಿ ಮುಳುಗುತ್ತಿದ್ದರೂ ಮುಟ್ಟಿದರೆ ಮೈಲಿಗೆ ಅಂತ ಯಾರೂ ಎತ್ತುವುದಿಲ್ಲ. ಕೊನೆಗೆ ಅವನಿಗೆ ಉಳಿಯುವುದು ದುಡಿ ಒಂದೇ. ಬಾಗಿಲು ಹಾಕಿಕೊಂಡು ಬಾರಿಸುತ್ತಾ ಬಾರಿಸುತ್ತಾ ಜೀವ ಬಿಡುತ್ತಾನೆ.

ಚೋಮನೂ ಕರಾವಳಿಯವನು, ಶಿವನೂ ಕರಾವಳಿಯವನು. ಕಾರಂತರ ಕಾದಂಬರಿಯ ಚೋಮ ನಂಬಿದ ದೈವವೂ ಪಂಜುರ್ಲಿಯೇ. ಕ್ರೈಸ್ತನಾದರೆ ಗದ್ದೆ ಸಿಗುತ್ತದೆ ಅಂತ ಹೊರಟವನು ಆ ದೈವವನ್ನು ಬಿಡಲಾರದೆ ತಿರುಗಿ ಬರುತ್ತಾನೆ. ಆದರೆ ಚೋಮನ ಕಷ್ಟಕ್ಕೆ ಆ ದೈವ ಮೈಮೇಲೆ ಬಂದು ಧಣಿಯ ಎದುರು ನಿಲ್ಲಲಿಲ್ಲ. 47 ವರ್ಷ ಆದ ಮೇಲೆ ಅದೇ ಪಂಜುರ್ಲಿ, ಗುಳಿಗನನ್ನೂ ಜೊತೆಗೆ ಕರೆದುಕೊಂಡು ಶಿವನ ಮೈಮೇಲೆ ಬಂತು. ಥಿಯೇಟರ್‌ನಲ್ಲಿ ಆ ಕೊನೆಯ ಇಪ್ಪತ್ತು ನಿಮಿಷ ನಾನು ಉಸಿರು ಬಿಗಿ ಹಿಡಿದು ಕೂತಿದ್ದೆ. ಅಧಿಕಾರಿಯ ಕೈಯನ್ನೂ ಊರಿನವರ ಕೈಯನ್ನೂ ಎದೆಗೆ ಎಳೆದುಕೊಳ್ಳುವಾಗ ರಿಷಬ್ ಒಂದೂ ಮಾತಾಡುವುದಿಲ್ಲ. ನನ್ನ ಪಕ್ಕ ಕೂತಿದ್ದ ವಯಸ್ಸಾದ ಹೆಂಗಸು ಕೈ ಮುಗಿದಿದ್ದರು.

ಅದಕ್ಕೇ ಹೇಳಿದ್ದು, ಕಲಾತ್ಮಕ, ಕಮರ್ಷಿಯಲ್ ಅನ್ನುವ ಜಗಳ ನನಗೆ ಹಿಡಿಸಲಿಲ್ಲ ಅಂತ. ಶಿವ ಚೋಮನ ಮನೆಯ ಹುಡುಗ. ಹೊಡೆದಾಡುತ್ತಾನೆ, ಹಂದಿ ಬೇಟೆಯಾಡುತ್ತಾನೆ, ಆದರೆ ಅವನ ಕಾಲ ಕೆಳಗಿನ ಮಣ್ಣಿನ ಪ್ರಶ್ನೆ ಹಳೆಯದೇ. ಎರಡರಲ್ಲಿ ಯಾವುದು ಮೇಲು ಅಂತ ಯಾರಾದರೂ ಒತ್ತಾಯ ಮಾಡಿ ಕೇಳಿದರೆ ನಾನು 'ಚೋಮನ ದುಡಿ' ಅಂತಲೇ ಹೇಳುತ್ತೇನೆ. 'ಕಾಂತಾರ' ನೋಡಿ ಹೊರಗೆ ಬಂದಾಗ ಎದೆ ಹಗುರವಾಗಿತ್ತು. ದೈವ ಎಲ್ಲವನ್ನೂ ಸರಿ ಮಾಡಿತ್ತು. 'ಚೋಮನ ದುಡಿ' ಮುಗಿದಾಗ ಯಾವುದೂ ಸರಿಯಾಗಿರಲಿಲ್ಲ, ರಾತ್ರಿ ನಿದ್ದೆಯೂ ಬರಲಿಲ್ಲ.

ಮರುದಿನ 'ತಬರನ ಕಥೆ' ಹಾಕಿದೆ. ಹಾಕಬಾರದಿತ್ತೇನೋ.

ನನ್ನ ಅಪ್ಪ ಸರ್ಕಾರಿ ನೌಕರಿಯಲ್ಲಿದ್ದವರು. ನಿವೃತ್ತಿಯಾದ ಮೇಲೆ ಪಿಂಚಣಿ ಬರಲು 14 ತಿಂಗಳು ಓಡಾಡಿದ್ದಾರೆ. ಯಾವ ಇಲಾಖೆ, ಯಾವ ಕಚೇರಿ ಅಂತ ಬರೆಯುವುದಿಲ್ಲ. ಸರ್ವಿಸ್ ಪುಸ್ತಕದಲ್ಲಿ ಒಂದು ಸಹಿ ಇಲ್ಲ ಅಂತ ಒಮ್ಮೆ, ಹೆಸರಿನ ಇನಿಶಿಯಲ್ ಸರಿ ಇಲ್ಲ ಅಂತ ಇನ್ನೊಮ್ಮೆ, ಕೇಸ್ ವರ್ಕರ್ ರಜೆ ಅಂತ ಮತ್ತೊಮ್ಮೆ. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಿದ್ದರು. ಕಂಕುಳಲ್ಲಿ ನೀಲಿ ಫೈಲು. ಅಮ್ಮ ಏನಾಯ್ತು ಅಂತ ಕೇಳುವುದನ್ನೇ ಬಿಟ್ಟಿದ್ದರು.

ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದ್ದು. ತಬರನ ಹೆಂಡತಿಗೆ ಸಕ್ಕರೆ ಕಾಯಿಲೆ, ಕಾಲು ಕೊಳೆಯುತ್ತಿದೆ. ಪಿಂಚಣಿ ಬಂದರೆ ಚಿಕಿತ್ಸೆ. ಅವನು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಅಲೆಯುತ್ತಾನೆ. ಯಾರೂ ಕೆಟ್ಟವರಲ್ಲ, ಎಲ್ಲರೂ ನಿಯಮ ಹೇಳುತ್ತಾರೆ, ಅಷ್ಟೇ. ಅವಳು ಸಾಯುತ್ತಾಳೆ, ಅವನಿಗೆ ತಲೆ ಕೆಡುತ್ತದೆ. ಚಾರುಹಾಸನ್ ತಮಿಳಿನವರು, ವಕೀಲರಾಗಿದ್ದವರು, ಕಮಲ್ ಹಾಸನ್ ಅವರ ಅಣ್ಣ. ಆದರೆ ಅವರು ನಡೆಯುವ ರೀತಿ, ಕಚೇರಿಯ ಬಾಗಿಲಲ್ಲಿ ಒಳಗೆ ಹೋಗಲೋ ಬೇಡವೋ ಅಂತ ನಿಲ್ಲುವ ರೀತಿ ಇದೆಯಲ್ಲ, ಅದು ಅಚ್ಚು ನಮ್ಮೂರಿನದು.

ಅರ್ಧಕ್ಕೆ ಅಪ್ಪ ಎದ್ದು ಹಿತ್ತಿಲಿಗೆ ಹೋದರು. ಸುಮ್ನೆ ಅಡಿಕೆ ಮರ ನೋಡುತ್ತಾ ನಿಂತಿದ್ದರು. ನಾನು ನಿಲ್ಲಿಸಲಾ ಅಂತ ಕೇಳಿದೆ. "ಬೇಡ ಮಾರಾಯ್ತಿ, ಬರ್ತೇನೆ. ನನಗೆ ಕೊನೆಗಾದ್ರೂ ಬಂತು. ನಿನ್ನಮ್ಮನೂ ಇದ್ದಾಳೆ" ಅಂದರು. ಆಮೇಲೆ ಒಳಗೆ ಬಂದು ಕೊನೆಯವರೆಗೂ ನೋಡಿದರು. ಇಂಥ ಒಬ್ಬ ನಟನಿಗೆ ದೇಶದ ದೊಡ್ಡ ಪ್ರಶಸ್ತಿ ಬಂದಿತ್ತು ಅಂತ ಹೇಳಿದಾಗ, "ಬರಲೇಬೇಕು" ಅಂದರು. ಅಷ್ಟೇ.

ಸಂಚಾರಿ ವಿಜಯ್ ಬಗ್ಗೆ ಬರೆಯಲು ಇನ್ನೂ ಕಷ್ಟ. ಕಡೂರು ತಾಲ್ಲೂಕಿನವರು, ನಮ್ಮ ಜಿಲ್ಲೆಯವರು, 'ಸಂಚಾರಿ' ರಂಗತಂಡದಿಂದ ಬಂದವರು. ಬಿ.ಎಸ್. ಲಿಂಗದೇವರು ನಿರ್ದೇಶಿಸಿದ ಆ ಚಿತ್ರಕ್ಕೆ ಪ್ರಶಸ್ತಿ ಮೊದಲು ಬಂತು, ಥಿಯೇಟರ್ ಆಮೇಲೆ ಸಿಕ್ಕಿತು. ಸೆನ್ಸಾರ್ ಆಗಿದ್ದರೆ ಸಾಕು, ಬಿಡುಗಡೆ ಆಗದಿದ್ದರೂ ಸ್ಪರ್ಧೆಗೆ ಕಳಿಸಬಹುದು. ಅದು ಒಳ್ಳೆಯದೇ, ಸಣ್ಣ ಸಿನಿಮಾಗಳಿಗೆ ಇರುವುದು ಅದೊಂದೇ ದಾರಿ. ಆದರೆ 2015ರಲ್ಲಿ ನಾನು ಮತ್ತು ಗೆಳತಿ ಅದನ್ನು ನೋಡಲು ಹೋದಾಗ ಇದ್ದದ್ದು ಒಂಬತ್ತೇ ಜನ. ಹತ್ತು ಜನ ಆಗದಿದ್ದರೆ ಶೋ ಇಲ್ಲ ಅಂದರು. ಗೆಳತಿ ತಕ್ಷಣ ಇನ್ನೊಂದು ಟಿಕೆಟ್‌ಗೆ ದುಡ್ಡು ಕೊಟ್ಟಳು. ಹಾಗೆ ನೋಡಿದ ಸಿನಿಮಾ ಅದು. ಸೀರೆಯ ಸೆರಗು ಸರಿ ಮಾಡಿಕೊಳ್ಳುವಾಗ ವಿದ್ಯಾಳ ಮುಖದಲ್ಲಿ ಬರುವ ಸಮಾಧಾನವನ್ನು ನಾನು ಮರೆತಿಲ್ಲ. 2021ರ ಜೂನ್‌ನಲ್ಲಿ ಬೈಕ್ ಅಪಘಾತದಲ್ಲಿ ವಿಜಯ್ ಹೋದರು. ಮನೆಯವರು ಅಂಗಾಂಗ ದಾನ ಮಾಡಿದರು.

ರಿಷಬ್ ತಮ್ಮ ಪ್ರಶಸ್ತಿಯನ್ನು ದೈವ ನರ್ತಕರಿಗೆ ಅರ್ಪಿಸಿದರು. ಅದು ನನಗೆ ತುಂಬಾ ಹಿಡಿಸಿತು. 2022ರಲ್ಲಿ 'ಕಾಂತಾರ' ಓಡುತ್ತಿದ್ದಾಗಲೇ 60 ವರ್ಷ ದಾಟಿದ ದೈವ ನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಕೊಡುವುದಾಗಿ ರಾಜ್ಯ ಸರ್ಕಾರ ಹೇಳಿತು. ಒಂದು ಸಿನಿಮಾದಿಂದ ಇಷ್ಟಾದರೂ ಆಯಿತು ಅಂತ ಸಂತೋಷಪಟ್ಟವಳು ನಾನು. ಆ ವಯಸ್ಸಾದವರಲ್ಲಿ ಯಾರೂ ಆ 2,000ಕ್ಕಾಗಿ ತಬರನ ಹಾಗೆ ಕಚೇರಿಯ ಮೆಟ್ಟಿಲು ಹತ್ತಿ ಇಳಿಯದಿರಲಿ ಅಂತ ಮನಸ್ಸಿನಲ್ಲಿ ಬೇಡಿಕೊಳ್ಳುತ್ತೇನೆ.

ಇನ್ನೊಂದು ಬೇಸರ ಇದೆ. ನಾವು ನೋಡಿದ 'ಚೋಮನ ದುಡಿ' ಮಸುಕು ಮಸುಕಾಗಿತ್ತು. ಕತ್ತಲ ದೃಶ್ಯಗಳಲ್ಲಿ ಮುಖವೇ ಕಾಣುವುದಿಲ್ಲ, ಮಾತು ಕೇಳಿಸಿಕೊಳ್ಳಲು ಅಪ್ಪ ಟಿವಿಗೆ ಕಿವಿ ಹಚ್ಚಬೇಕಾಯಿತು. ಕಾಸರವಳ್ಳಿಯವರ 'ಘಟಶ್ರಾದ್ಧ'ವನ್ನು ಚೊಕ್ಕ ಮಾಡಿ, ಹೊಸ ಪ್ರಿಂಟ್ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಎಷ್ಟು ದೊಡ್ಡ ಕೆಲಸ ಅದು! ಚೋಮನಿಗೂ ಅದು ಆಗಬೇಕು. ಪ್ರಶಸ್ತಿ ಬಂದ ದಿನ ಹೆಮ್ಮೆಪಡುವ ನಾವು, ಆ ಪಟ್ಟಿಯಲ್ಲಿರುವ ಸಿನಿಮಾಗಳು ಮಕ್ಕಳಿಗೆ ನೋಡಲು ಸಿಗುವ ಹಾಗೆ ಇಟ್ಟುಕೊಳ್ಳಬೇಕಲ್ವಾ?

ನಮ್ಮೂರಿನ ಶಾಲೆಯ ಹಾಲ್‌ನಲ್ಲಿ ಈ ನಾಲ್ಕೂ ಸಿನಿಮಾಗಳನ್ನು ನಾಲ್ಕು ಶನಿವಾರ ತೋರಿಸಬೇಕು ಅಂತ ನಾವು ಕೆಲವರು ಸೇರಿ ಯೋಚನೆ ಮಾಡಿದ್ದೇವೆ. ಪ್ರೊಜೆಕ್ಟರ್ ಸಿಕ್ಕಿದೆ. ಅಪ್ಪ ಕುರ್ಚಿ ಹೊಂದಿಸುವ ಜವಾಬ್ದಾರಿ ತೆಗೆದುಕೊಂಡಿದ್ದಾರೆ. 'ಚೋಮನ ದುಡಿ'ಯ ಒಳ್ಳೆಯ ಪ್ರತಿ ಎಲ್ಲಿ ಸಿಗುತ್ತದೆ, ತೋರಿಸಲು ಯಾರ ಅನುಮತಿ ಬೇಕು ಅಂತ ಗೊತ್ತಿದ್ದವರು ದಯವಿಟ್ಟು ಕಮೆಂಟ್‌ನಲ್ಲಿ ತಿಳಿಸಿ.