ಅಳಿವೆಯಲ್ಲಿ ಹದ್ದು ಹುಡುಕುವವರು ಮೊದಲು ಉಬ್ಬರ-ಇಳಿತದ ಲೆಕ್ಕ ನೋಡಲಿ

ಹಕ್ಕಿ ನೋಡಬೇಕಾದರೆ ಬೆಳಕು ಹರಿಯುವ ಮೊದಲೇ ಹೊರಡಬೇಕು ಎನ್ನುವುದು ಕಾಡಿನ ಮಟ್ಟಿಗೆ ಒಪ್ಪುವ ಮಾತು. ಕಾಸರಗೋಡು ಜಿಲ್ಲೆಯ ಕುಂಬಳೆ, ಶಿರಿಯ, ಮೊಗ್ರಾಲ್ ಕಡೆಯ ಅಳಿವೆಗಳಿಗೆ ಅದನ್ನೇ ಹೊತ್ತುಕೊಂಡು ಬಂದವರು ಮೋಸಹೋಗುತ್ತಾರೆ. ಆರು ಗಂಟೆಗೆ ಬರುತ್ತಾರೆ, ನೀರು ತುಂಬಿ ನಿಂತಿರುತ್ತದೆ, ಕೆಸರು ಒಂದು ಮೊಳವೂ ಕಾಣುವುದಿಲ್ಲ. ತೆಂಗಿನ ಮರದ ಮೇಲೆ ಕೂತ ಗರುಡನ ನಾಲ್ಕು ಫೋಟೊ ತೆಗೆದು ಏಳೂವರೆಗೆ ಬೈಕ್ ಹತ್ತುತ್ತಾರೆ. ಸಂಜೆ ಫೇಸ್‌ಬುಕ್‌ನಲ್ಲಿ "ಈ ವರ್ಷ ವಲಸೆ ಹಕ್ಕಿಗಳೇ ಇಲ್ಲ" ಎಂದು ಬರೆಯುತ್ತಾರೆ. ಅವರು ಹೋಗಿ ಎರಡು ಗಂಟೆಯಾದ ಮೇಲೆ ಅದೇ ಜಾಗದಲ್ಲಿ ಕೆಸರು ಕುಕ್ಕುವ ಸಣ್ಣ ವಲಸೆ ಹಕ್ಕಿಗಳಾದ ನೂರಾರು ಪ್ಲೋವರ್‌ಗಳು ಇಳಿದಿರುತ್ತವೆ. ಅವುಗಳ ಹಿಂದೆಯೇ ಬೇಟೆಗಾರ ಹಕ್ಕಿಗಳೂ ಬಂದಿರುತ್ತವೆ.

ಹಾಗಾಗಿ ಮೊದಲ ಕೆಲಸ ಉಬ್ಬರ-ಇಳಿತದ ಪಟ್ಟಿ ನೋಡುವುದು. ಮಂಗಳೂರು ಬಂದರಿನ ಪಟ್ಟಿ ಮಂಜೇಶ್ವರದಿಂದ ಕುಂಬಳೆಯವರೆಗೆ ಸಾಕು. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡ. ನಮ್ಮ ಕರಾವಳಿಯಲ್ಲಿ ಎರಡು ಇಳಿತಗಳು ಒಂದೇ ಮಟ್ಟದವಲ್ಲ, ಒಂದು ಇನ್ನೊಂದಕ್ಕಿಂತ ಚೆನ್ನಾಗಿ ಕೆಳಗಿಳಿಯುತ್ತದೆ. ಪಟ್ಟಿಯಲ್ಲಿ ಗಂಟೆಯನ್ನಷ್ಟೇ ನೋಡದೆ ಪಕ್ಕದಲ್ಲಿರುವ ಮೀಟರ್ ಅಂಕಿಯನ್ನೂ ನೋಡಿ, ಕಡಿಮೆ ಇರುವ ಇಳಿತವನ್ನು ಆರಿಸಿಕೊಳ್ಳಿ. ಅಮಾವಾಸ್ಯೆ, ಹುಣ್ಣಿಮೆ ಕಳೆದ ಒಂದೆರಡು ದಿನಗಳಲ್ಲಿ ನೀರು ಅತಿ ಹೆಚ್ಚು ಏರಿ ಅತಿ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ವ್ಯತ್ಯಾಸ ತೀರ ಕಡಿಮೆ. ಖಂಭಾತ್ ಕೊಲ್ಲಿಯ ಹಾಗೆ ಇಲ್ಲಿ ಹತ್ತು ಮೀಟರ್ ನೀರು ಏರುವುದಿಲ್ಲ, ದೊಡ್ಡ ಉಬ್ಬರಕ್ಕೂ ಒಂದು ಮೀಟರಿನ ಆಚೀಚೆ ಅಷ್ಟೆ. ಅದಕ್ಕೇ ಅರ್ಧ ಅಡಿಯ ವ್ಯತ್ಯಾಸವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ: ಅಷ್ಟರಲ್ಲಿ ಒಂದಿಡೀ ಕೆಸರಿನ ಬಯಲು ಮೇಲೇಳಬಹುದು, ಇಲ್ಲವೇ ಮುಳುಗಬಹುದು. ಅಳಿವೆಯ ಬಾಯಿಯಿಂದ ಒಳಕ್ಕೆ ಹೋದಷ್ಟೂ ಉಬ್ಬರ ತಡವಾಗಿ ಬರುತ್ತದೆ ಎಂಬುದೂ ನೆನಪಿರಲಿ. ಪಟ್ಟಿ ನೋಡುವುದು ಬೇಜಾರಾದರೆ ಮರುವಾಯಿ (ಚಿಪ್ಪುಮೀನು) ಹೆಕ್ಕುವವರನ್ನು ಕೇಳಿ. ಅವರು ಬುಟ್ಟಿ ಹಿಡಿದು ನೀರಿಗಿಳಿಯುವ ಹೊತ್ತೇ ಹಕ್ಕಿಗಳೂ ಇಳಿಯುವ ಹೊತ್ತು.

ಇಳಿತದ ನಟ್ಟನಡುವೆ ಹೋದರೆ ಹಕ್ಕಿಗಳು ಬಯಲಿಡೀ ಚದುರಿ ದೂರದ ಚುಕ್ಕೆಗಳಾಗಿರುತ್ತವೆ. ಒಳ್ಳೆಯ ಹೊತ್ತು ನೀರು ಏರತೊಡಗಿದ ಮೇಲಿನದು. ಪೂರ್ತಿ ಉಬ್ಬರಕ್ಕೆ ಎರಡೂವರೆ ಗಂಟೆ ಮೊದಲು ಜಾಗ ಹಿಡಿದು ಕೂತರೆ ನೀರೇ ಹಕ್ಕಿಗಳನ್ನು ಸ್ವಲ್ಪ ಸ್ವಲ್ಪವಾಗಿ ದಡದ ಕಡೆಗೆ ತಳ್ಳುತ್ತದೆ. ಕೊನೆಗೆ ಎಲ್ಲವೂ ಒಂದು ಹೊಯಿಗೆ ದಿಬ್ಬದ ಮೇಲೆ ಒತ್ತಾಗಿ ನಿಲ್ಲುತ್ತವೆ. ಎಣಿಸುವುದಕ್ಕೂ ಗುರುತಿಸುವುದಕ್ಕೂ ಅದೇ ಗಳಿಗೆ. ನಮ್ಮ ಕಡಲು ಪಶ್ಚಿಮಕ್ಕೆ ಇರುವುದರಿಂದ ಬೆಳಗಿನ ಹೊತ್ತು ಅಳಿವೆಯ ಪೂರ್ವದ ದಡದಲ್ಲಿ ಕೂತರೆ ಬೆಳಕು ಬೆನ್ನ ಹಿಂದೆ. ಸಂಜೆ ಅದೇ ಜಾಗದಲ್ಲಿ ಎಲ್ಲ ಹಕ್ಕಿಯೂ ಕಪ್ಪು ನೆರಳು. ಆದ್ದರಿಂದ ಬೆಳಿಗ್ಗೆ ಒಂಬತ್ತು, ಒಂಬತ್ತೂವರೆಗೆ ಉಬ್ಬರ ತುಂಬುವ ದಿನಗಳನ್ನು ಕ್ಯಾಲೆಂಡರಿನಲ್ಲಿ ಮೊದಲೇ ಗುರುತು ಹಾಕಿಕೊಳ್ಳಬೇಕು. ತಿಂಗಳಿಗೆ ನಾಲ್ಕೈದು ದಿನ ಸಿಕ್ಕರೆ ಹೆಚ್ಚು, ಆದರೆ ಗೊತ್ತುಗುರಿಯಿಲ್ಲದ ಇಪ್ಪತ್ತು ದಿನಗಳಿಗಿಂತ ಅವು ವಾಸಿ.

ಇನ್ನು ಬೇಟೆಗಾರ ಹಕ್ಕಿಗಳ ವಿಷಯ. ಹೆಚ್ಚಿನವರು ಆಕಾಶ ನೋಡುತ್ತ ಕತ್ತು ನೋಯಿಸಿಕೊಳ್ಳುತ್ತಾರೆ. ಕೆಳಗೆ ಕೆಸರಿನ ಮೇಲಿರುವ ಸಣ್ಣ ಹಕ್ಕಿಗಳನ್ನು ನೋಡುತ್ತಿದ್ದರೆ ಸಾಕು, ಮೇಲೆ ಏನು ಬಂದಿದೆ ಎಂದು ಅವೇ ಹೇಳುತ್ತವೆ. ಗರುಡ ತಲೆಯ ಮೇಲೆ ಹಾದುಹೋದರೆ ಪ್ಲೋವರ್‌ಗಳು ಒಮ್ಮೆ ಕಣ್ಣು ವಾರೆಮಾಡಿ ಮತ್ತೆ ಕೆಸರು ಕುಕ್ಕುತ್ತವೆ. ಮಾರ್ಷ್ ಹ್ಯಾರಿಯರ್, ಅಂದರೆ ಜೌಗು ಸೆಳೆವ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಅಂಚಿನಲ್ಲಿ ತಗ್ಗಾಗಿ ಬಂದರೆ ಆ ತುದಿಯ ಹಕ್ಕಿಗಳಷ್ಟೇ ಎದ್ದು, ಅದು ದಾಟಿದ ಕೂಡಲೇ ಹಿಂದೆ ಇಳಿಯುತ್ತವೆ. ಎದ್ದ ಅಲೆ ಹ್ಯಾರಿಯರ್‌ನ ಜೊತೆಗೇ ಸಾಗುತ್ತದೆ. ಇಡೀ ಬಯಲಿನ ಹಕ್ಕಿಗಳು ಒಮ್ಮೆಲೇ ಎದ್ದು, ಮುದ್ದೆಯಾಗಿ, ಒಂದೇ ಮೈಯಂತೆ ಆಚೆಗೀಚೆಗೆ ತಿರುಚುತ್ತ ಹಾರಿದರೆ ಪೆರಿಗ್ರಿನ್ ಫಾಲ್ಕನ್ ಬಂದಿದೆಯೆಂದೇ ಹುಡುಕಬೇಕು. ಆ ಮುದ್ದೆಯ ಮೇಲ್ಗಡೆ ಮತ್ತು ಹಿಂದೆ ಕಣ್ಣಾಡಿಸಿ. ಫಾಲ್ಕನ್ ಗುಂಪಿನೊಳಕ್ಕೆ ನುಗ್ಗುವುದು ಕಡಿಮೆ, ಗುಂಪಿನಿಂದ ಬೇರೆಯಾದ ಒಂದಕ್ಕಾಗಿ ಕಾಯುತ್ತದೆ. ಈ ಭಾಷೆ ಕಲಿಯಲು ಒಂದು ಸೀಸನ್ ಸಾಕು, ಆದರೆ ಓಡಾಡುತ್ತ ಕಲಿಯಲಾಗುವುದಿಲ್ಲ. ನೀವೇ ಹಕ್ಕಿಗಳನ್ನು ಎಬ್ಬಿಸುತ್ತಿದ್ದರೆ ಯಾವುದು ಹದ್ದಿನ ಹೆದರಿಕೆ, ಯಾವುದು ನಿಮ್ಮದು ಎಂದು ತಿಳಿಯುವುದು ಹೇಗೆ?

ಗುರುತಿಸುವಲ್ಲಿ ಅತಿ ಹೆಚ್ಚು ತಪ್ಪು ನಡೆಯುವುದು ಕಂದು ಬಣ್ಣದ ಹಕ್ಕಿಗಳಲ್ಲಿ. ಗರುಡನ ಮರಿ ಮೊದಲ ವರ್ಷ ಪೂರ್ತಿ ಕಂದು. ಕೆಂಪೂ ಇಲ್ಲ, ಬಿಳಿ ತಲೆಯೂ ಇಲ್ಲ. ಅದನ್ನು ಮಾಮೂಲು ಹದ್ದೆಂದು ಬರೆಯುವವರಿದ್ದಾರೆ, ಮಾರ್ಷ್ ಹ್ಯಾರಿಯರ್ ಎಂದು ಬರೆಯುವವರೂ ಇದ್ದಾರೆ. ಬಣ್ಣ ಬಿಟ್ಟು ಬಾಲ ನೋಡಿ: ಗರುಡನ ಬಾಲದ ತುದಿ ದುಂಡಗೆ, ಹದ್ದಿನದು ನಡುವೆ ಕಚ್ಚು ಬಿದ್ದ ಹಾಗೆ. ಹ್ಯಾರಿಯರ್‌ನ ಬಾಲ ಉದ್ದ. ತೇಲುವಾಗ ಅದರ ರೆಕ್ಕೆಗಳು ಮೇಲಕ್ಕೆ ಎತ್ತಿಕೊಂಡಿರುತ್ತವೆ, ಗರುಡನವು ಹೆಚ್ಚುಕಡಿಮೆ ಮಟ್ಟಸ. ಹೆಣ್ಣು ಮಾರ್ಷ್ ಹ್ಯಾರಿಯರ್‌ನ ನೆತ್ತಿ ಕೆನೆಬಣ್ಣದ್ದು, ಎರಡು ಫರ್ಲಾಂಗು ದೂರಕ್ಕೂ ಕಾಣುತ್ತದೆ.

ಆಸ್ಪ್ರೇಯನ್ನು ತಪ್ಪುವುದು ಕಷ್ಟ. ಕೆಳಗಿನಿಂದ ಬಿಳಿ ಮೈ, ಮಣಿಗಂಟಿನಲ್ಲಿ ಕಪ್ಪು ಮಚ್ಚೆ, ಕಣ್ಣಿನ ಮೇಲೆ ಹಾದ ಕಪ್ಪು ಪಟ್ಟಿ, ಮಡಿಸಿದಂತೆ ಕಾಣುವ ಉದ್ದ ರೆಕ್ಕೆ. ನೀರಿನ ಮೇಲೆ ರೆಕ್ಕೆ ಬಡಿಯುತ್ತ ನಿಂತು, ಕಾಲು ಮುಂದೆ ಮಾಡಿ ಬೀಳುತ್ತದೆ, ಕೆಲವೊಮ್ಮೆ ಮೈಯೆಲ್ಲ ಮುಳುಗುವಷ್ಟು. ಹೊರಬೆರಳನ್ನು ಅದು ಹಿಂದಕ್ಕೆ ತಿರುಗಿಸಬಲ್ಲದು, ಪಾದದಡಿ ಮುಳ್ಳಿನಂಥ ಒರಟು. ಜಾರುವ ಮೀನು ಅದಕ್ಕೇ ಜಾರುವುದಿಲ್ಲ. ಹಿಡಿದ ಮೀನಿನ ತಲೆಯನ್ನು ಮುಂದಕ್ಕೆ ತಿರುಗಿಸಿಕೊಂಡೇ ಒಯ್ಯುತ್ತದೆ. ಬಿಳಿ ಹೊಟ್ಟೆಯ ಕಡಲ ಹದ್ದು ಹಾಗೆ ಮುಳುಗುವುದಿಲ್ಲ, ಓರೆಯಾಗಿ ಜಾರಿಬಂದು ನೀರಿನ ಮೇಲ್ಮೈಯಿಂದ ಎತ್ತಿಕೊಳ್ಳುತ್ತದೆ. ಕಡಲ ಹಾವನ್ನೂ ಬಿಡುವುದಿಲ್ಲ. ಆಸ್ಪ್ರೇಯ ಕೈಯಿಂದ ಮೀನು ಕಸಿಯುವುದೂ ಉಂಟು. ರೆಕ್ಕೆ ಬಿಚ್ಚಿದರೆ ಎರಡು ಮೀಟರಿನಷ್ಟು, ತೇಲುವಾಗ ಅಗಲವಾದ ವಿ ಆಕಾರ, ಬಾಲ ಗಿಡ್ಡ, ಬೆಣೆಯಂತೆ ಚೂಪು. ಬೂದು-ಬಿಳಿಯ ದೊಡ್ಡ ಹಕ್ಕಿ ಎಲ್ಲರಿಗೂ ಗೊತ್ತು. ಆ ಬಣ್ಣ ಬರಲು ನಾಲ್ಕೈದು ವರ್ಷ ಬೇಕು, ಅಲ್ಲಿಯವರೆಗೆ ಅದೂ ಕಂದೇ. "ಅಪರೂಪದ ಹದ್ದು" ಎಂದು ಸಂಭ್ರಮಿಸುವ ಮೊದಲು ಆ ವಿ ಆಕಾರ ಮತ್ತು ಬಾಲ ನೋಡಿಕೊಳ್ಳಿ.

ಸಲಕರಣೆ ಬಗ್ಗೆ ಹೆಚ್ಚು ಹೇಳುವುದಿಲ್ಲ. 8×42 ಬೈನಾಕ್ಯುಲರ್ ಸಾಕು. ಸ್ಪಾಟಿಂಗ್ ಸ್ಕೋಪ್ ಇದ್ದರೆ 30ರ ಮೇಲೆ ಝೂಮ್ ಮಾಡಬೇಡಿ. ಹತ್ತು ಗಂಟೆ ದಾಟಿದ ಮೇಲೆ ಕೆಸರಿನ ಮೇಲಿನ ಬಿಸಿಲಿನ ಝಳ ಚಿತ್ರವನ್ನು ಕುದಿಸುತ್ತದೆ, ಝೂಮ್ ಆ ಕುದಿತವನ್ನೇ ದೊಡ್ಡದು ಮಾಡುತ್ತದೆ. ಕಡಲಗಾಳಿ ಎದ್ದ ಮೇಲೆ ಟ್ರೈಪಾಡನ್ನು ತಗ್ಗಿಸಿ, ನಡುವೆ ಚೀಲ ನೇತುಹಾಕಿ. ದಪ್ಪ ಮರಳಿರುವ ಕಡೆ ಕಾಲುಗಳ ಕೆಳಗೆ ತೆಂಗಿನ ಗರಟೆ ಇಟ್ಟರೆ ಹೂತುಹೋಗುವುದಿಲ್ಲ.

ಎಣಿಕೆಯನ್ನು ಮಾತ್ರ ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಮೊದಲು ಹತ್ತು ಹಕ್ಕಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯುತ್ತದೆ ಎಂದು ಕಣ್ಣಿಗೆ ತಂದುಕೊಂಡು, ಆ ಅಳತೆಯನ್ನು ಗುಂಪಿನ ಮೇಲೆ ಎಡದಿಂದ ಬಲಕ್ಕೆ ಇಡುತ್ತಾ ಹೋಗಿ. ಮೂರು ಸಲ ಮಾಡಿ ನಡುವಿನ ಅಂಕಿ ಬರೆಯಿರಿ. ಬೇಟೆಗಾರ ಹಕ್ಕಿಗಳಲ್ಲಿ ತೊಂದರೆ ಬೇರೆ: ಒಂದೇ ಆಸ್ಪ್ರೇ ಮೂರು ಸಲ ಸುತ್ತಿದರೆ ಮೂರಾಗಿಬಿಡುತ್ತದೆ. ಬಂದ ಗಂಟೆ, ಹೋದ ದಿಕ್ಕು, ಎಳೆಯದೋ ಬೆಳೆದದ್ದೋ, ಯಾವ ರೆಕ್ಕೆಯಲ್ಲಿ ಯಾವ ಗರಿ ಉದುರಿದೆ, ಇಷ್ಟು ಬರೆದಿಟ್ಟರೆ ಗೊಂದಲವಿಲ್ಲ. ಹಕ್ಕಿಪಟ್ಟಿಗಳನ್ನು ಸೇರಿಸುವ ಜಾಲತಾಣ ಈಬರ್ಡ್‌ಗೆ ಹಾಕುವಾಗ ಕಾಗೆ, ಬೆಳ್ಳಕ್ಕಿ, ಟಿಟ್ಟಿಭ ಎಲ್ಲವನ್ನೂ ಸೇರಿಸಿ ಪೂರ್ಣ ಪಟ್ಟಿ ಕೊಡಿ. ಚಂದದ ಹಕ್ಕಿಯೊಂದನ್ನೇ ಹಾಕಿದರೆ, ಆವತ್ತು ಉಳಿದವು ಇರಲಿಲ್ಲವೋ ನೀವು ಬರೆಯಲಿಲ್ಲವೋ ಎಂದು ನಾಳೆ ಓದುವವನಿಗೆ ತಿಳಿಯುವುದಿಲ್ಲ. 2015ರಿಂದ 2020ರವರೆಗೆ ನಡೆದ ಕೇರಳ ಪಕ್ಷಿ ಅಟ್ಲಾಸ್ ಹೀಗೆ ಸಾಮಾನ್ಯ ಜನ ವರ್ಷಕ್ಕೆ ಎರಡು ಕಾಲದಲ್ಲಿ, ಬಿಸಿಲಿಗೂ ಮಳೆಗೂ ಹೋಗಿ ಬರೆದ ಪಟ್ಟಿಗಳಿಂದಲೇ ಆಯಿತು. 361 ಜಾತಿಯ ಹಕ್ಕಿಗಳ ನಕ್ಷೆ ಅದರಲ್ಲಿದೆ. ನಮ್ಮ ಸಣ್ಣ ಅಳಿವೆಗಳಲ್ಲಿ ಹೆಚ್ಚಿನವಕ್ಕೆ ಪಕ್ಷಿಧಾಮದ ಬೋರ್ಡೂ ಇಲ್ಲ, ಕಾವಲುಗಾರನೂ ಇಲ್ಲ. ಮಣ್ಣು ತುಂಬಿಸಲು ಲಾರಿ ಬಂದ ದಿನ "ಇಲ್ಲಿ ಹಕ್ಕಿ ಬರುತ್ತವೆ" ಎಂದು ಕೂಗಿದರೆ ಯಾರೂ ಕೇಳುವುದಿಲ್ಲ. ಐದು ವರ್ಷದ ಎಣಿಕೆ ಮುಂದಿಟ್ಟರೆ ಕನಿಷ್ಠ ಉತ್ತರ ಕೊಡಬೇಕಾಗುತ್ತದೆ. ಕ್ಯಾಮೆರಾ ಇರುವ ಗೆಳೆಯರಲ್ಲಿ ನನ್ನ ಬೇಡಿಕೆ ಇಷ್ಟೇ: ಫೋಟೊ ತೆಗೆಯಿರಿ, ಆದರೆ ಒಂದೇ ಜಾಗದಲ್ಲಿ ಮೂರು ಗಂಟೆ ಕೂತು ಎಣಿಸಿ.

ಕಾಸರಗೋಡು 2023ರಲ್ಲಿ ತನ್ನದೇ ಜಿಲ್ಲಾ ಮರ, ಹೂವು, ಹಕ್ಕಿಗಳನ್ನು ಘೋಷಿಸಿಕೊಂಡಿತು. ಮರ ಕಾಸರಕ, ಹಕ್ಕಿ ಈ ಬಿಳಿ ಹೊಟ್ಟೆಯ ಕಡಲ ಹದ್ದು. ಹೆಮ್ಮೆಯ ವಿಷಯವೇ. ಆದರೆ ಹೆಸರು ಬಂದ ಮೇಲೆ ಗೂಡಿನ ಫೋಟೊಗಳೂ ಗೂಡಿನ ಲೊಕೇಶನ್‌ಗಳೂ ವಾಟ್ಸಾಪ್‌ನಲ್ಲಿ ಓಡಾಡುವುದು ಭಯ ಹುಟ್ಟಿಸುತ್ತದೆ. ಈ ಹದ್ದು ಕಡಲಿಗೆ ಹತ್ತಿರದ ಮಾವು, ಹಾಲೆಯಂಥ ಎತ್ತರದ ಹಳೆಯ ಮರದಲ್ಲಿ ಗೂಡು ಕಟ್ಟಿ, ವರ್ಷವರ್ಷವೂ ಅದಕ್ಕೇ ಕಡ್ಡಿ ಸೇರಿಸಿಕೊಂಡು ಬಳಸುತ್ತದೆ. ಇಡುವುದು ಸಾಮಾನ್ಯವಾಗಿ ಎರಡೇ ಮೊಟ್ಟೆ. ಅಕ್ಟೋಬರಿನಿಂದಾಚೆಗೆ ಜೋಡಿ ಗೂಡಿನ ಕೆಲಸದಲ್ಲಿರುವಾಗ ಮರದಡಿ ಜನ ನೆರೆದರೆ, ಡ್ರೋನ್ ಎತ್ತರಕ್ಕೆ ಬಂದರೆ, ಹೆಣ್ಣು ಮೊಟ್ಟೆ ಬಿಟ್ಟು ಏಳುತ್ತದೆ. ತೆರೆದ ಮೊಟ್ಟೆಗೆ ಬಿಸಿಲೂ ಕಾಗೆಯೂ ಕಾದೇ ಇರುತ್ತವೆ. ಇನ್ನೂರು ಮೀಟರಿಗಿಂತ ಹತ್ತಿರ ಹೋಗಬೇಡಿ. ಹಕ್ಕಿ ನಿಮ್ಮತ್ತ ತಿರುಗಿ ಕೂಗಿದರೆ ಅಷ್ಟು ದೂರವೂ ಸಾಲದೆಂದು ಅರ್ಥ. ಗೂಡಿನ ಮರ ಯಾರ ಹಿತ್ತಲಲ್ಲಿದೆಯೋ ಆ ಮನೆಯವರೊಡನೆ ಮಾತಾಡಿ, ಅವರಿಗೆ ಗೊತ್ತಿದ್ದರೆ ಸಾಕು, ಲೋಕಕ್ಕೆ ಗೊತ್ತಾಗಬೇಕಿಲ್ಲ. ನಾಗಬನ, ಕಾವುಗಳಲ್ಲಿ ಕೊಡಲಿ ಹಾಕದೆ ಉಳಿಸಿದ ಹಳೆಯ ಮರಗಳ ಬೆಲೆ ಈ ಹಕ್ಕಿಯನ್ನು ನೋಡಿದಾಗ ತಿಳಿಯುತ್ತದೆ.

ಅಳಿವೆಯಿಂದ ಆಚೆಗೆ ಎರಡು ಮಾತು. ಪದವಿನ, ಅಂದರೆ ಮುರಕಲ್ಲಿನ ಬಯಲಿನ, ಒಣಹುಲ್ಲಿನ ಮೇಲೂ ಚಳಿಗಾಲದಲ್ಲಿ ಹ್ಯಾರಿಯರ್‌ಗಳನ್ನು ಹುಡುಕಬೇಕು, ಅದಕ್ಕೆ ಸಂಜೆಯೇ ಒಳ್ಳೆಯದು. ನವೆಂಬರ್, ಡಿಸೆಂಬರಿನಲ್ಲಿ ನಾಗಾಲ್ಯಾಂಡ್ ದಾಟಿ ಬರುವ ಅಮೂರ್ ಫಾಲ್ಕನ್‌ಗಳು ಅರಬ್ಬೀ ಸಮುದ್ರ ದಾಟಿ ಆಫ್ರಿಕಾಕ್ಕೆ ಹೋಗುತ್ತವೆ. ಪದವಿನ ಮೇಲೆ, ಅವು ಹಿಡಿದು ತಿನ್ನುವ ಏರೋಪ್ಲೇನ್ ಚಿಟ್ಟೆಗಳು ತುಂಬಿದ ದಿನ ತಲೆ ಎತ್ತಿ ನೋಡಿ. ಕಣ್ಣೂರಿನ ಕಾಟ್ಟಾಂಪಳ್ಳಿ ಜೌಗು ನಮಗೆ ರೈಲಿನ ದೂರ, ಗ್ರೇಟರ್ ಸ್ಪಾಟೆಡ್ ಈಗಲ್ ನೋಡುವ ಆಸೆಯಿದ್ದವರು ಜನವರಿಯಲ್ಲಿ ಅಲ್ಲಿಗೆ ಹೋಗಲಿ.

ಮಾರ್ಚ್ ದಾಟಿತೆಂದರೆ ಎಲ್ಲರೂ ಬೈನಾಕ್ಯುಲರ್ ಪೆಟ್ಟಿಗೆಗೆ ಹಾಕುತ್ತಾರೆ. ಅದು ಬೇಡ. ಆ ಹೊತ್ತಿಗೆ ಉತ್ತರಕ್ಕೆ ಹೊರಡುವ ಪ್ಲೋವರ್‌ಗಳು ಮೈಯಲ್ಲಿ ಕೊಬ್ಬು ತುಂಬಿಕೊಳ್ಳುತ್ತಿರುತ್ತವೆ, ನಾಯಿಯೋ ನಾವೋ ಒಮ್ಮೆ ಎಬ್ಬಿಸಿದರೂ ಅಷ್ಟು ತಿಂದದ್ದು ದಂಡ. ದಿಬ್ಬದಿಂದ ನೂರು ಮೀಟರ್ ದೂರ ಕೂರಿ. ಎಲ್ಲ ಹೋದ ಮೇಲೆ ಮೇ, ಜೂನ್‌ನಲ್ಲೂ ಕೆಸರಿನ ಮೇಲೆ ಕೆಲವು ಮಂಕು ಬಣ್ಣದ ಹಕ್ಕಿಗಳು ಉಳಿದಿರುತ್ತವೆ. ಅವು ಗಾಯಗೊಂಡವಲ್ಲ, ಹೆಚ್ಚಿನವು ಹಿಂದಿನ ವರ್ಷ ಹುಟ್ಟಿದವು, ಇನ್ನೂ ಮರಿ ಮಾಡುವ ವಯಸ್ಸಾಗದ್ದರಿಂದ ಮೊದಲ ಬೇಸಗೆಯನ್ನು ಇಲ್ಲೇ ಕಳೆಯುತ್ತವೆ. ಆ ಎರಡು ತಿಂಗಳ ಪಟ್ಟಿಗಳು ನಮ್ಮ ಅಳಿವೆಗಳಿಂದ ತೀರ ಕಡಿಮೆ ಬರುತ್ತವೆ. ಮುಂದಿನ ಮೇ ತಿಂಗಳ ಹುಣ್ಣಿಮೆ ಕಳೆದ ಮೊದಲ ಭಾನುವಾರ ಮಂಜೇಶ್ವರ, ಉಪ್ಪಳ, ಶಿರಿಯ, ಮೊಗ್ರಾಲ್‌ಗಳಲ್ಲಿ ಒಬ್ಬೊಬ್ಬರು ಕೂತರೂ ಆದೀತು. ಬರುವವರು ಕೆಳಗೆ ಕಮೆಂಟ್‌ನಲ್ಲಿ ತಿಳಿಸಿ, ಯಾರಿಗೆ ಯಾವ ಅಳಿವೆ ಹತ್ತಿರವೋ ಅದನ್ನೇ ಹಂಚಿಕೊಳ್ಳೋಣ.